ಶೇ. 18 ಬಡ್ಡಿ, ಮೇಲೆ ಆಫ್ರಿಕಾದಲ್ಲಿ ಬಾವಿ: ನಂಬಬಹುದಾ?

ಪ್ರಶ್ನೆ: ಸರ್, ನನಗೆ 61 ವರ್ಷ. ಉಡುಪಿ ಕಡೆಯವಳು. 26 ವರ್ಷ ಕುವೈತ್‌ನಲ್ಲಿ ನರ್ಸ್ ಆಗಿದ್ದು, ಎರಡು ವರ್ಷದ ಹಿಂದೆ ಊರಿಗೆ ಬಂದೆ. ಗಂಡ ಇಲ್ಲ. ಮಗಳು ಕೆನಡಾದಲ್ಲಿದ್ದಾಳೆ, ಅಲ್ಲಿಯ ಪೌರತ್ವ ಸಿಕ್ಕಿದೆ. ಸ್ವಂತ ಮನೆ ಇದೆ. ಕೈಯಲ್ಲಿ ಒಟ್ಟು 60 ಲಕ್ಷ ಇದೆ, ಹೆಚ್ಚಿನದು ಎನ್‌ಆರ್‌ಇ (ಹೊರದೇಶದಲ್ಲಿರುವ ಭಾರತೀಯರ ಖಾತೆ) ಎಫ್‌ಡಿ, ಸ್ವಲ್ಪ ಮ್ಯೂಚುವಲ್ ಫಂಡ್. ದಶಮಾಂಶ (ದೇವರಿಗೆ ಕೊಡುವ ಹತ್ತನೇ ಒಂದು ಪಾಲು) ಬಿಟ್ಟು ತಿಂಗಳಿಗೆ 35 ಸಾವಿರ ಖರ್ಚು. ನಾವು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಕಾಲದ ಸಭೆಯವರು, ಅಂದರೆ ಚರ್ಚಿನವರು. ನನ್ನ ಅಜ್ಜ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಈಗ ನಮ್ಮ ಪ್ರಾರ್ಥನಾ ಕೂಟದ ಸಹೋದರರೊಬ್ಬರು ಒಂದು ಕ್ರೈಸ್ತ ಹೂಡಿಕೆ ನಿಧಿಗೆ 15 ಲಕ್ಷ ಹಾಕಿ ಅನ್ನುತ್ತಿದ್ದಾರೆ. ವರ್ಷಕ್ಕೆ ಶೇ. 18 ಬರುತ್ತದಂತೆ. ಆ ಹಣದಿಂದ ಬಡ ಹೆಂಗಸರಿಗೆ ಸಾಲ ಕೊಡುತ್ತಾರೆ, ಆಫ್ರಿಕಾದಲ್ಲಿ ಬಾವಿ ತೋಡಿಸುತ್ತಾರೆ. ದಶಮಾಂಶವನ್ನೂ ಇದಕ್ಕೇ ಹಾಕಬಹುದು ಅಂದರು. ಯೂಟ್ಯೂಬಿನಲ್ಲಿ ಒಬ್ಬ ಬೋಧಕರು ಬ್ಯಾಂಕಿನ ಬಡ್ಡಿ ಪಾಪ, ದೇವರ ಕೆಲಸಕ್ಕೆ ಬಿತ್ತಿದರೆ ನೂರರಷ್ಟು ಸಿಗುತ್ತದೆ ಅನ್ನುತ್ತಾರೆ. ನನ್ನ ಮ್ಯೂಚುವಲ್ ಫಂಡಿನಲ್ಲಿ ಸಿಗರೇಟ್ ಕಂಪನಿ ಇರುವುದು ನೋಡಿ ಬೇಸರವಾಯಿತು. ಹಸಿವು, ಮಲೇರಿಯಾ ಇಂಥ ದೊಡ್ಡ ಕಷ್ಟಗಳಿಗೆ ನನ್ನ ದುಡ್ಡಿನಿಂದ ಏನಾದರೂ ಆಗುತ್ತದಾ? ಬ್ರೋಷರ್‌ನ ಫೋಟೊ ಕಳಿಸಿದ್ದೇನೆ.

ಉತ್ತರ: ಅಕ್ಕಾ, ಇದರಲ್ಲಿ ಅರ್ಜೆಂಟ್ ಇರುವುದು ಒಂದೇ ವಿಷಯ. ಆ 15 ಲಕ್ಷ ಈಗ ಕೊಡಬೇಡಿ. ಚೆಕ್ ಬರೆದಿದ್ದರೆ ತಡೆಹಿಡಿಯಿರಿ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ನಿಮ್ಮ ತಳಮಳ ನನಗೆ ಅರ್ಥವಾಗುತ್ತದೆ. ದುಡ್ಡು ಬ್ಯಾಂಕಿನಲ್ಲಿ ಸುಮ್ನೆ ಕೂತಿದ್ದರೆ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಕೊಟ್ಟುಬಿಟ್ಟರೆ ಮುಂದೆ ಮಗಳಿಗೆ ಭಾರ ಆಗುತ್ತೇನೋ ಅಂತ ಭಯ. ಇಂಥ ಹೊತ್ತಿನಲ್ಲಿ ಒಬ್ಬರು ಬಂದು, ಕೊಟ್ಟ ಹಾಗೂ ಆಯಿತು ಬೆಳೆಸಿದ ಹಾಗೂ ಆಯಿತು ಅಂದರೆ ಯಾರಿಗಾದರೂ ಮನಸ್ಸು ಕರಗುತ್ತದೆ. ನಿಮ್ಮದು ದುರಾಸೆ ಅಲ್ಲ. ಇಂಥ ಯೋಜನೆಗೆ ದುಡ್ಡು ಕಳೆದುಕೊಂಡು ನನ್ನ ಹತ್ತಿರ ಬಂದವರಲ್ಲಿ ದುರಾಸೆಯವರು ಕಡಿಮೆ, ಒಳ್ಳೆಯವರೇ ಜಾಸ್ತಿ.

ಇನ್ನೊಬ್ಬರ ಒಳ್ಳೆಯದಕ್ಕೆ ಅಂತಲೇ ಹಾಕಿ, ಅಸಲು ಕಾಪಾಡಿಕೊಂಡು, ಸ್ವಲ್ಪ ಲಾಭವನ್ನೂ ಪಡೆಯುವ ಹೂಡಿಕೆ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕ್ರೈಸ್ತರಲ್ಲಿ ಅದಕ್ಕೆ ಒಳ್ಳೆಯ ಪರಂಪರೆಯೇ ಇದೆ. ಆದರೆ ಅದನ್ನು ಗುರುತಿಸಲು ನಾನು ಮೊದಲು ನೋಡುವುದು ಬಡ್ಡಿಯ ದರವನ್ನು. ನಿಜವಾಗಿ ಮಾಡಿದವರು ಕಡಿಮೆ ಕೊಟ್ಟಿದ್ದಾರೆ, ಕಡಿಮೆ ಅಂತ ಮೊದಲೇ ಹೇಳಿಯೂ ಇದ್ದಾರೆ.

ನಿಮ್ಮ ಅಜ್ಜನ ಕಾರ್ಖಾನೆಯನ್ನೇ ನೋಡಿ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಬಂದ ಮೊದಲ ಕಷ್ಟ ಹೊಟ್ಟೆಪಾಡಿನದು. ಕುಲಕಸುಬು ಹೋಯಿತು, ಗೇಣಿ ಗದ್ದೆ ಹೋಯಿತು, ಮನೆಯಿಂದಲೂ ಹೊರಗೆ. ಇವರಿಗೆಲ್ಲ ದಿನಾ ಅನ್ನ ಹಾಕುವುದಾ, ಕೆಲಸ ಕೊಡುವುದಾ? ಮಿಷನ್ ಕೆಲಸದ ದಾರಿ ಹಿಡಿಯಿತು. ನೇಯ್ಗೆ, ಮುದ್ರಣ, ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ಮಿಷನ್‌ನ ಪ್ಲೆಬ್ಸ್ಟ್ ಅನ್ನುವವರು ಶುರುಮಾಡಿದ ಹಂಚಿನ ಕಾರ್ಖಾನೆ. ನೇತ್ರಾವತಿ ದಂಡೆಯ ಜೇಡಿಮಣ್ಣಿನಿಂದ ಆದ ಕೆಂಪು ಹಂಚು ಎಲ್ಲೆಲ್ಲಿಗೆ ಹೋಯಿತು ಅಂತ ಮಂಗಳೂರಿನವರಿಗೆ ಹೇಳಬೇಕಿಲ್ಲ.

ಇದಕ್ಕೆ ಬಂಡವಾಳ ಎಲ್ಲಿಂದ ಬಂತು? 1859ರಲ್ಲಿ ಬಾಸೆಲ್ ನಗರದ ವ್ಯಾಪಾರಸ್ಥರು, ಭಕ್ತರು ಸೇರಿ ಒಂದು ಟ್ರೇಡಿಂಗ್ ಕಂಪನಿ ಕಟ್ಟಿದರು. ಷೇರು ಕಂಪನಿಯೇ. ಇಲ್ಲಿಯ ಕಾರ್ಖಾನೆಗಳು ಕ್ರಮೇಣ ಅದರ ಕೈಗೆ ಬಂದವು. ಷೇರುದಾರರಿಗೆ ಡಿವಿಡೆಂಡ್ ಇತ್ತು, ಆದರೆ ಅದಕ್ಕೆ ಮಿತಿ ಹಾಕಿದ್ದರು. ಶೇ. 5-6ರ ಆಸುಪಾಸು. ಅದರ ಮೇಲೆ ಉಳಿದದ್ದು ಮಿಷನ್ ಕೆಲಸಕ್ಕೆ. ವ್ಯಾಪಾರ ಚೆನ್ನಾಗಿ ನಡೆದ ವರ್ಷವೂ ಷೇರುದಾರನಿಗೆ ಅಷ್ಟೇ.

ಎಲ್ಲವೂ ಹೂವಿನ ಹಾಗಿರಲಿಲ್ಲ. ಸಂಬಳ ಕೊಡುವವರೂ ಸಭೆ ನಡೆಸುವವರೂ ಒಬ್ಬರೇ ಆದರೆ ಕೂಲಿ ಕಡಿಮೆಯಾಯಿತು ಅಂತ ಯಾರ ಹತ್ತಿರ ದೂರುವುದು? ಬೋಧನೆಗೆ ಬಂದವರು ಹಂಚು ಮಾರುತ್ತಾ ಕೂರಬೇಕಾ ಅಂತ ಮಿಷನ್ ಒಳಗೂ ಜಗಳ ಇತ್ತು. ಕೊನೆಗೆ ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಶತ್ರುಗಳ ಆಸ್ತಿ ಅಂತ ಕಾರ್ಖಾನೆಗಳನ್ನು ಕಿತ್ತುಕೊಂಡು ಕಾಮನ್‌ವೆಲ್ತ್ ಟ್ರಸ್ಟ್‌ಗೆ ಕೊಟ್ಟರು. ದೇವರ ಕೆಲಸಕ್ಕೆ ಹಾಕಿದ ಹಣ ಮುಳುಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಇನ್ನೊಂದು ಕತೆ ಜರ್ಮನಿಯದು, ಆದರೆ ನಮ್ಮ ಗದಗದವರೆಗೂ ಬಂದಿದೆ. ರೈಫೈಸನ್ ಅಂತ ಒಬ್ಬ ಹಳ್ಳಿಗಾಡಿನ ಮೇಯರ್, ದೈವಭಕ್ತ ಪ್ರೊಟೆಸ್ಟೆಂಟ್. 1846-47ರ ಚಳಿಗಾಲದಲ್ಲಿ ಬೆಳೆ ಹೋಗಿ ಜನ ಹಸಿದಾಗ, ಉಳ್ಳವರಿಂದ ಹಣ ಎತ್ತಿ ಊರಿಗೊಂದು ಬ್ರೆಡ್ ಒಲೆ ಕಟ್ಟಿಸಿದ. ಸಾಲಕ್ಕೆ ಬ್ರೆಡ್ ಕೊಟ್ಟರು. ಇಂಥ ಸಂಘಗಳನ್ನು ಒಂದಾದ ಮೇಲೆ ಒಂದು ಮಾಡಿದ. ಆದರೆ ಕೊಡುವವರಿಗೆ ನಾಲ್ಕು ವರ್ಷದಲ್ಲಿ ಸುಸ್ತಾಗುತ್ತದೆ. ಇದು ಎಲ್ಲಾ ಊರಿನ ಕತೆ, ನಮ್ಮ ಚರ್ಚಿನ ಬೆಳೆ ಹಬ್ಬದ ಏಲಂನಲ್ಲೂ ಮೂರನೆಯ ವರ್ಷಕ್ಕೆ ಅದೇ ನಾಲ್ಕು ಜನ ಕೂಗುತ್ತಾರೆ ಅಲ್ವಾ? ಹಾಗಾಗಿ 1864ರಲ್ಲಿ ದಾನಿಗಳನ್ನು ಬಿಟ್ಟು ರೈತರೇ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಸಾಲದ ಸಂಘ ಮಾಡಿದ. ಮದ್ರಾಸಿನ ಅಧಿಕಾರಿ ನಿಕೋಲ್ಸನ್ ಈ ಪದ್ಧತಿಯನ್ನು ನೋಡಿಬಂದು ವರದಿ ಬರೆದರು. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. ಮರುವರ್ಷವೇ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘ ಕಟ್ಟಿದರು. ಇಲ್ಲೂ ಯಾರೂ ದೊಡ್ಡ ಬಡ್ಡಿಯ ಆಸೆ ತೋರಿಸಿರಲಿಲ್ಲ.

ಮೂರನೆಯದು ಈಗಲೂ ನಡೆಯುತ್ತಿದೆ. ಜಗತ್ತಿನ ಸಭೆಗಳ ಒಕ್ಕೂಟ 1968ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಸೇರಿದಾಗ, ಸಭೆಗಳ ಹಣ ಎಲ್ಲಿ ಹೂಡಿಕೆಯಾಗಿದೆ ಅನ್ನುವ ಚರ್ಚೆ ಬಂತು. ಬಾಯಲ್ಲಿ ಬಡವರ ಪರ, ಠೇವಣಿ ಮಾತ್ರ ಯುದ್ಧಕ್ಕೂ ವರ್ಣಭೇದಕ್ಕೂ ಹಣ ಹಾಕುವ ಬ್ಯಾಂಕಿನಲ್ಲಿ. ಆ ಚರ್ಚೆಯಿಂದ 1975ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆಯ ಈಗಿನ ಹೆಸರು ಓಯ್ಕೊಕ್ರೆಡಿಟ್. ಬಡದೇಶಗಳ ಸಹಕಾರಿಗಳಿಗೆ, ಕಿರುಸಾಲ ಸಂಸ್ಥೆಗಳಿಗೆ ಸಾಲ ಕೊಡುತ್ತದೆ. ಹೈದರಾಬಾದಿನಲ್ಲಿ ಅದರದೇ ಮಾನವೀಯ ಅನ್ನುವ ಕಂಪನಿ ಇದೆ. ಎಷ್ಟೋ ವರ್ಷ ಅದು ಹೂಡಿಕೆದಾರರಿಗೆ ಕೊಟ್ಟದ್ದು ಹೆಚ್ಚೆಂದರೆ ಶೇ. 2. ಕೋವಿಡ್ ಬಂದಾಗ ಅದೂ ಇಲ್ಲ. ತಮಾಷೆ ಅಂದರೆ, ಶುರುವಿನಲ್ಲಿ ಸಭೆಗಳೇ ಹಿಂದೆ ಸರಿದವು. ಕಾಣಿಕೆಯ ಹಣ ಕೊಡುವುದಕ್ಕೆ, ಮೀಸಲು ಹಣ ಭದ್ರವಾಗಿ ಇಡುವುದಕ್ಕೆ, ಇದು ಎರಡೂ ಅಲ್ಲ ಅಂದರು. ಹಣ ಹಾಕಿದವರು ಹೆಚ್ಚಾಗಿ ನಿಮ್ಮಂಥ ಸಾಮಾನ್ಯ ಜನ.

ಇಷ್ಟು ಎಚ್ಚರದಿಂದ ನಡೆದ ಸಂಸ್ಥೆಯ ಮೇಲೂ 2022ರಲ್ಲಿ ದೂರು ಬಂತು. ಕಾಂಬೋಡಿಯಾದ ಮಾನವ ಹಕ್ಕು ಸಂಘಟನೆಗಳು ಕೊಟ್ಟದ್ದು. ಇವರು ಹಣ ಕೊಟ್ಟ ಕಿರುಸಾಲ ಕಂಪನಿಗಳ ಕಾಟಕ್ಕೆ ಬಡವರು ಜಮೀನು ಮಾರಬೇಕಾಯಿತು ಅಂತ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಾಲವೂ ಸಾಲವೇ. ನಮ್ಮಲ್ಲೇ 2025ರ ಫೆಬ್ರವರಿಯಲ್ಲಿ ಕಿರುಸಾಲದ ಕಿರುಕುಳ ತಡೆಯಲು ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಮನೆ ಬಾಗಿಲಿಗೆ ಬಂದು ಕೂರುವ ವಸೂಲಿ ಹುಡುಗರನ್ನು ನೀವೂ ಊರಲ್ಲಿ ನೋಡಿರಬಹುದು. ಕಿರುಸಾಲ ಬಡತನ ಕಳೆಯುತ್ತದೆ ಅನ್ನುವ ಮಾತಿನ ಬಗ್ಗೆ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊ, ನಮ್ಮ ಹೈದರಾಬಾದ್ ಹೀಗೆ ಆರು ಕಡೆ ನಡೆಸಿದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಕೆಲವರಿಗೆ ಅನುಕೂಲ ಆಗಿದೆ, ಕೈಯಲ್ಲಿ ನಾಲ್ಕು ಕಾಸು ಓಡಾಡಿದೆ. ಬದುಕು ಬದಲಾಗುವಷ್ಟು ಏನೂ ಆಗಿಲ್ಲ.

ಈಗ ನಿಮ್ಮ ಬ್ರೋಷರ್‌ಗೆ ಬರುತ್ತೇನೆ. ಮುಂಬದಿಯಲ್ಲಿ ಕೈಪಂಪಿನ ಪಕ್ಕ ನಗುವ ಮಕ್ಕಳು. ಒಳಗೆ ಪುಟಕ್ಕೆ ಎರಡು ವಾಕ್ಯ. ಹಿಂಬದಿಯಲ್ಲಿ ಟ್ರಸ್ಟ್ ಅಂತ ಒಂದು ಹೆಸರು, ಫೈನಾನ್ಸ್ ಅಂತ ಇನ್ನೊಂದು ಹೆಸರು. ಹಣ ಹಾಕಬೇಕಾದ ಖಾತೆ ಮಾತ್ರ ಈ ಎರಡೂ ಅಲ್ಲ, ಯಾರೋ ವ್ಯಕ್ತಿಯದ್ದು. ಹೂಡಿಕೆಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ ನೋಂದಣಿ ಸಂಖ್ಯೆ ಎಲ್ಲೂ ಇಲ್ಲ. ನಾನು ಫೋಟೊ ದೊಡ್ಡದು ಮಾಡಿ ಹುಡುಕಿದೆ.

ಒಂದು ಲೆಕ್ಕ ಹಾಕಿ. ನಿಮಗೆ ಶೇ. 18 ಕೊಡಬೇಕು. ತಂದುಕೊಟ್ಟವರಿಗೆ ಕಮಿಷನ್ ಇರುತ್ತದೆ. ಆಫೀಸು, ಸಂಬಳ ಇದೆ. ಬಾವಿಯನ್ನೂ ತೋಡಬೇಕು. ಹಾಗಾದರೆ ಆ ಬಡ ಹೆಂಗಸರಿಂದ ಎಷ್ಟು ವಸೂಲು ಮಾಡಬೇಕು? ಶೇ. 25, 30? ಅಂದರೆ ಈ ಯೋಜನೆ ನಿಜವೇ ಆಗಿದ್ದರೆ ನಿಮ್ಮ 18 ಬರುವುದು ನೀವು ಸಹಾಯ ಮಾಡಬೇಕು ಅಂದುಕೊಂಡವರ ಸೆರಗಿನ ಗಂಟಿನಿಂದ. ನಿಜ ಅಲ್ಲದಿದ್ದರೆ, ನಿಮ್ಮ ನಂತರ ಹಣ ಹಾಕುವ ಇನ್ನೊಬ್ಬ ನಿವೃತ್ತ ನರ್ಸಿನ ಜೇಬಿನಿಂದ. ಮೂರನೆಯ ಸಾಧ್ಯತೆ ನನಗೆ ಕಾಣುತ್ತಿಲ್ಲ.

ಬಾವಿಯ ವಿಷಯಕ್ಕೂ ಒಂದು ತೊಡಕಿದೆ. ಭಾರತದ ದತ್ತಿ ಟ್ರಸ್ಟ್ ತನ್ನ ಹಣವನ್ನು ಹೊರದೇಶದಲ್ಲಿ ಖರ್ಚು ಮಾಡಿದರೆ ಸಾಮಾನ್ಯವಾಗಿ ಅದಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ವಿಶೇಷ ಅನುಮತಿ ಬೇಕು. ಆಫ್ರಿಕಾದ ಬಾವಿ ಅಂದವರ ಹತ್ತಿರ ಆ ಅನುಮತಿ ಪತ್ರ ತೋರಿಸಿ ಅಂದರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರು ನನ್ನ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ತಂದಿದ್ದರು. ಒಳಗೆ 100 ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿದ "ಬಾಂಡ್". ನೋಂದಣಿ ಸಂಖ್ಯೆ ಇರಬೇಕಾದ ಜಾಗದಲ್ಲಿ ಬೈಬಲ್ಲಿನ ಕೀರ್ತನೆಯ ವಚನ. ಎರಡು ವರ್ಷ ಬಡ್ಡಿ ಸರಿಯಾಗಿ ಬಂದಿತ್ತು, ಅದನ್ನು ನಂಬಿ ತಮ್ಮನಿಂದಲೂ ಹಾಕಿಸಿದ್ದರು. ಮೂರನೆಯ ವರ್ಷ ಫೋನ್ ಸ್ವಿಚ್ ಆಫ್. ಪೊಲೀಸ್ ದೂರು ಕೊಡಿ ಅಂದೆ. "ಸಹೋದರನ ಮೇಲೆ ಹೇಗೆ ಕೊಡುವುದು?" ಅಂದರು. ಮೋಸಗಾರರಿಗೆ ಬೇಕಾದದ್ದೂ ಈ ಸಂಕೋಚವೇ.

ಇದು ನಮ್ಮಲ್ಲಿ ಮಾತ್ರ ಅಲ್ಲ, ಎಲ್ಲಾ ಧರ್ಮದಲ್ಲೂ ಇದೆ. 2019ರಲ್ಲಿ ಬೆಂಗಳೂರಿನಲ್ಲಿ ಐಎಂಎ ಅನ್ನುವ ಹೂಡಿಕೆ ಕಂಪನಿ ಕುಸಿದಾಗ ಹಲಾಲ್ ಹೂಡಿಕೆ ಅಂತ ನಂಬಿದ ಸಾವಿರಾರು ಮುಸ್ಲಿಂ ಕುಟುಂಬಗಳು ಬೀದಿಗೆ ಬಂದವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1995ರಲ್ಲಿ ನ್ಯೂ ಎರಾ ಅನ್ನುವ ಕ್ರೈಸ್ತ ಪ್ರತಿಷ್ಠಾನ ಮುಳುಗಿತು. ಹಣ ಕೊಡಿ, ಹೆಸರು ಹೇಳದ ದಾನಿಗಳಿದ್ದಾರೆ, ಆರು ತಿಂಗಳಿಗೆ ಎರಡರಷ್ಟು ಮಾಡಿ ನಿಮ್ಮ ಸೇವೆಗೆ ಕೊಡುತ್ತೇವೆ ಅಂದಿದ್ದರು. ಕಾಲೇಜುಗಳು, ಮಿಷನರಿ ಸಂಸ್ಥೆಗಳು, ದೊಡ್ಡ ದೊಡ್ಡ ಲೆಕ್ಕಪರಿಶೋಧಕರಿದ್ದವರೇ ಹಾಕಿದರು. ದಾನಿಗಳೇ ಇರಲಿಲ್ಲ. ನಡೆಸುತ್ತಿದ್ದ ಜಾನ್ ಬೆನೆಟ್‌ಗೆ 12 ವರ್ಷ ಜೈಲಾಯಿತು. ಆದರೆ ಒಂದು ಒಳ್ಳೆಯದೂ ಆಯಿತು. ಮೊದಲೇ ಎರಡರಷ್ಟು ಪಡೆದಿದ್ದ ಎಷ್ಟೋ ಕ್ರೈಸ್ತ ಸಂಸ್ಥೆಗಳು ಆ ಲಾಭವನ್ನು ತಾವಾಗಿ ವಾಪಸ್ ತಂದುಕೊಟ್ಟವು, ಕಳೆದುಕೊಂಡವರಿಗೆ ಹಂಚಲು.

ಯೂಟ್ಯೂಬ್ ಬೋಧಕರ ಮಾತಿಗೆ ನಾನು ಉತ್ತರ ಹೇಳಿದರೆ ಸಭಾಪಾಲಕರ ಕೆಲಸಕ್ಕೆ ಕೈಹಾಕಿದ ಹಾಗೆ. ಆದರೂ ಹಣದ ದೃಷ್ಟಿಯಿಂದ ಎರಡು ಮಾತು. ಬೈಬಲ್ಲಿನ ಹಳೆಯ ಒಡಂಬಡಿಕೆ ಮುಖ್ಯವಾಗಿ ತಡೆಯುವುದು ಕಷ್ಟದಲ್ಲಿರುವ ನೆರೆಯವನಿಂದ ಬಡ್ಡಿ ಕೀಳುವುದನ್ನು. ಬ್ಯಾಂಕಿಗೆ ನೀವು ಸಾಲ ಕೊಟ್ಟು ಅದರ ಕತ್ತು ಹಿಸುಕುತ್ತಿಲ್ಲ. ಯೇಸು ಹೇಳಿದ ತಲಾಂತಿನ (ಆ ಕಾಲದ ದೊಡ್ಡ ಹಣದ) ಸಾಮ್ಯದ ಕತೆಯಲ್ಲಿ ಯಜಮಾನ, ಕಡೇಪಕ್ಷ ಸಾಹುಕಾರರ ಹತ್ತಿರ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತಲ್ಲ ಅಂತ ಆಳನ್ನು ಬೈಯುತ್ತಾನೆ. ಸಭೆ ಶತಮಾನಗಟ್ಟಲೆ ಬಡ್ಡಿಯನ್ನು ವಿರೋಧಿಸಿದ್ದು ನಿಜ. 16ನೇ ಶತಮಾನದಲ್ಲಿ ಧರ್ಮಸುಧಾರಕ ಕ್ಯಾಲ್ವಿನ್ ಬಡವನಿಗೆ ಕೊಟ್ಟ ಸಾಲ ಬೇರೆ, ವ್ಯಾಪಾರಕ್ಕೆ ಕೊಟ್ಟ ಸಾಲ ಬೇರೆ ಅಂತ ಬಿಡಿಸಿ ಹೇಳಿದ ಮೇಲೆ ಪ್ರೊಟೆಸ್ಟೆಂಟರಲ್ಲಿ ಆ ಗೊಂದಲ ಕಡಿಮೆಯಾಯಿತು. ಇನ್ನು "ನೂರರಷ್ಟು". ಮಾರ್ಕನ 10ನೇ ಅಧ್ಯಾಯವನ್ನು ಮನೆಯಲ್ಲಿ ತೆಗೆದು ಪೂರ್ತಿ ಓದಿ. ಅದೇ ವಾಕ್ಯದಲ್ಲಿ ಹಿಂಸೆಗಳೂ ಜೊತೆಗೆ ಬರುತ್ತವೆ ಅಂತ ಇದೆ. ಅದನ್ನು ಯಾವ ಬೋಧಕರೂ ಬಡ್ಡಿದರದಲ್ಲಿ ಸೇರಿಸಿ ಹೇಳಿದ್ದು ನಾನು ಕೇಳಿಲ್ಲ.

ದಶಮಾಂಶವನ್ನು ನಿಧಿಗೆ ಹಾಕಬಹುದಾ? ವಾಪಸ್ ಬರುವ ಹಣ ಹೂಡಿಕೆ. ಕೊಟ್ಟದ್ದು ಕೊಟ್ಟದ್ದು. ನೀವು ಎರಡು ಡೈರಿ ಇಡಿ ಅಥವಾ ಎರಡು ಖಾತೆ ಇಡಿ, ಆದರೆ ಒಂದರ ಹಣ ಇನ್ನೊಂದರ ಹೆಸರಲ್ಲಿ ಓಡಾಡದಿರಲಿ. ಎರಡೂ ಬೆರೆತ ಕಡೆ ಲೆಕ್ಕ ಕೇಳುವುದು ಕಷ್ಟ. ಬಡ್ಡಿ ಬರಲಿಲ್ಲ ಅಂದರೆ "ದೇವರಿಗೆ ಕೊಟ್ಟಿರಲ್ಲ" ಅನ್ನುತ್ತಾರೆ, ಬಾವಿ ಎಲ್ಲಿ ಅಂದರೆ "ನಿಮಗೆ ಬಡ್ಡಿ ಬರುತ್ತಿದೆಯಲ್ಲ" ಅನ್ನುತ್ತಾರೆ. ಲೆಕ್ಕ ಕೇಳುವುದು ಅವಿಶ್ವಾಸ ಅಂತ ಯಾರಾದರೂ ಅಂದರೆ ಬೈಬಲ್ಲಿನ ಅಪೊಸ್ತಲ ಪೌಲನನ್ನು ನೆನಪಿಸಿ. ಯೆರೂಸಲೇಮಿನ ಬಡವರಿಗಾಗಿ ಗ್ರೀಸ್ ಕಡೆಯ ಸಭೆಗಳಿಂದ ಹಣ ಎತ್ತಿದಾಗ ಅವನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳು ಆರಿಸಿದ ಜನರನ್ನು ಜೊತೆಗೆ ಇಟ್ಟುಕೊಂಡ, ಯಾರೂ ಬೆರಳು ತೋರಿಸಬಾರದು ಅಂತ. ಎರಡನೇ ಕೊರಿಂಥ 8ರಲ್ಲಿ ಅವನೇ ಬರೆದಿದ್ದಾನೆ.

ಸಿಗರೇಟಿನ ವಿಷಯ. ನಿಫ್ಟಿ 50ರ (ಷೇರುಪೇಟೆಯ 50 ದೊಡ್ಡ ಕಂಪನಿಗಳ ಪಟ್ಟಿ) ಯಾವ ಇಂಡೆಕ್ಸ್ ಫಂಡ್ ತೆಗೆದುಕೊಂಡರೂ ಸಿಗರೇಟ್ ಮಾಡುವ ಐಟಿಸಿ ಇದ್ದೇ ಇರುತ್ತದೆ. ಅಷ್ಟೇ ಅಲ್ಲ, ಐಟಿಸಿಯ ಸುಮಾರು ಶೇ. 15 ಷೇರು ಎಲ್‌ಐಸಿ ಹತ್ತಿರ ಇದೆ. ಹಾಗಾಗಿ ಎಲ್‌ಐಸಿ ಪಾಲಿಸಿ ಇರುವ ನಮ್ಮ ಸಭಾಪಾಲಕರ ಪ್ರೀಮಿಯಂ ಕೂಡ ಸ್ವಲ್ಪ ಅಲ್ಲಿಗೆ ಹೋಗಿರುತ್ತದೆ! ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ಅಂತ ಹಣೆಪಟ್ಟಿ ಇರುವ ಫಂಡ್‌ಗಳಿವೆ, ಆದರೆ ಅವುಗಳ ಅಂಕ ಹಾಕುವ ರೀತಿ ಬೇರೆ. ಒಳ್ಳೆಯ ಆಡಳಿತ, ನೀರಿನ ಉಳಿತಾಯ ಇತ್ಯಾದಿ ನೋಡುತ್ತಾರೆ. ಸಿಗರೇಟ್ ಮಾರುವ ಕಂಪನಿಗೂ ಒಳ್ಳೆಯ ಅಂಕ ಸಿಗಬಹುದು, ಸಿಕ್ಕಿದೆ. ಹೆಸರು ನೋಡಿ ಕೊಳ್ಳಬೇಡಿ, ಫಂಡ್ ತಿಂಗಳಿಗೊಮ್ಮೆ ಹಾಕುವ ಕಂಪನಿಗಳ ಪಟ್ಟಿ ನೋಡಿ.

ನೀವು ಮಾರಿಬಿಟ್ಟರೆ ಕಂಪನಿಗೆ ಏನಾಗುತ್ತದೆ? ನೇರವಾಗಿ ಏನೂ ಇಲ್ಲ. ನಿಮ್ಮ ಪಾಲನ್ನು ಇನ್ನೊಬ್ಬರು ಕೊಳ್ಳುತ್ತಾರೆ. ಪೆಟ್ಟು ಬೀಳುವುದು ದೊಡ್ಡವರು ಒಟ್ಟಿಗೆ, ಗಟ್ಟಿಯಾಗಿ ಮಾತಾಡಿದಾಗ. ಲಿಯೊನ್ ಸಲಿವನ್ ಅನ್ನುವ ಕಪ್ಪು ಜನಾಂಗದ ಬ್ಯಾಪ್ಟಿಸ್ಟ್ ಬೋಧಕರು 1971ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ನಿರ್ದೇಶಕ ಮಂಡಳಿ ಸೇರಿದರು. ದಕ್ಷಿಣ ಆಫ್ರಿಕಾದಲ್ಲಿ ವ್ಯಾಪಾರ ಮಾಡುವ ಅಮೆರಿಕದ ಕಂಪನಿಗಳು ಕಪ್ಪು ಕೆಲಸಗಾರರನ್ನು ಸಮನಾಗಿ ನಡೆಸಿಕೊಳ್ಳಬೇಕು ಅಂತ 1977ರಲ್ಲಿ ನಿಯಮಗಳನ್ನು ಬರೆದರು. ಎಷ್ಟೋ ಕಂಪನಿಗಳು ಸಹಿ ಹಾಕಿದವು. ಹತ್ತು ವರ್ಷ ನೋಡಿ, ವರ್ಣಭೇದ ಹೋಗಲಿಲ್ಲ, ಇದು ಸಾಲದು, ಎಲ್ಲರೂ ಹೊರಬನ್ನಿ ಅಂತ 1987ರಲ್ಲಿ ಅವರೇ ಕರೆ ಕೊಟ್ಟರು. ಚರ್ಚ್ ಆಫ್ ಇಂಗ್ಲೆಂಡ್ ಕೂಡ ತೈಲ ಕಂಪನಿಗಳ ಜೊತೆ ವರ್ಷಗಟ್ಟಲೆ ಮಾತಾಡಿ ಸಾಕಾಗಿ 2023ರಲ್ಲಿ ಕೈಬಿಟ್ಟಿತು. ಅದೇ ವರ್ಷ ಆ ಚರ್ಚಿನ ಹಳೆಯ ನಿಧಿಯ ಒಂದು ಭಾಗ 18ನೇ ಶತಮಾನದಲ್ಲಿ ಗುಲಾಮರ ವ್ಯಾಪಾರ ಮಾಡುತ್ತಿದ್ದ ಸೌತ್ ಸೀ ಕಂಪನಿಯಲ್ಲಿ ಇತ್ತು ಅಂತ ಒಪ್ಪಿಕೊಂಡು, 10 ಕೋಟಿ ಪೌಂಡ್ ತೆಗೆದಿಡುತ್ತೇವೆ ಅಂದರು. ನಿಮಗೆ ಮನಸ್ಸಿಗೆ ಹಿಂಸೆ ಆಗುತ್ತಿದ್ದರೆ ಫಂಡ್ ಬದಲಿಸಿ, ಅದು ಸಾಕಾದಷ್ಟು ಒಳ್ಳೆಯ ಕಾರಣ. ಮಾರುವಾಗ ಲಾಭದ ಮೇಲಿನ ತೆರಿಗೆ ಎಷ್ಟು ಅಂತ ಮೊದಲು ಕೇಳಿಕೊಳ್ಳಿ. ಆದರೆ ಅದರಿಂದ ಯಾರದೋ ಶ್ವಾಸಕೋಶ ಉಳಿಯಿತು ಅಂತ ಲೆಕ್ಕ ಬರೆಯಬೇಡಿ.

ಈಗ ನಿಮ್ಮ 60 ಲಕ್ಷ. ಮೊದಲು ಒಂದು ಅಪ್ರಿಯ ಮಾತು. ಎರಡು ವರ್ಷದ ಹಿಂದೆ ಪೂರ್ತಿ ಊರಿಗೇ ಬಂದಿದ್ದೀರಿ, ಆದರೆ ಖಾತೆ ಇನ್ನೂ ಎನ್‌ಆರ್‌ಇ ಅನ್ನುತ್ತಿದ್ದೀರಿ. ಬಂದ ಕೂಡಲೇ ಅದನ್ನು ನಿವಾಸಿ ಖಾತೆಗೆ ಬದಲಿಸಬೇಕಿತ್ತು. ಆ ಬಡ್ಡಿಗೆ ತೆರಿಗೆ ವಿನಾಯಿತಿಯೂ ಇರುವುದಿಲ್ಲ. ಈ ವಾರವೇ ಬ್ಯಾಂಕಿಗೆ, ಆಮೇಲೆ ಒಬ್ಬ ಸಿಎ ಹತ್ತಿರ ಹೋಗಿ ಸರಿಮಾಡಿಸಿ.

60 ದಾಟಿದ ನಿವಾಸಿಗಳಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 30 ಲಕ್ಷದವರೆಗೆ ಹಾಕಬಹುದು. ಶೇ. 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬರುತ್ತದೆ. ಇನ್ನೊಂದು 15 ಲಕ್ಷ ಬ್ಯಾಂಕ್ ಎಫ್‌ಡಿ, ಶೇ. 7 ಅಂತ ಇಟ್ಟುಕೊಳ್ಳಿ, ಮೂರು ತಿಂಗಳಿಗೆ 26,250. ಒಟ್ಟು 87,750. ನಿಮ್ಮ ಖರ್ಚು ಮೂರು ತಿಂಗಳಿಗೆ 1,05,000. ಬಡ್ಡಿಯ ದಶಮಾಂಶ 8,775. ಅಂದರೆ ಮೂರು ತಿಂಗಳಿಗೆ ಸುಮಾರು 26 ಸಾವಿರ ಕಡಿಮೆ ಬೀಳುತ್ತದೆ. ಅದನ್ನು ಉಳಿದ 15 ಲಕ್ಷದಿಂದ ತೆಗೆಯಬೇಕು. ತೆರಿಗೆ ಮತ್ತು ಆರೋಗ್ಯ ವಿಮೆಯ ಕಂತು ನಾನಿನ್ನೂ ಸೇರಿಸಿಲ್ಲ. ಸಹೋದರರು ಕೇಳುತ್ತಿರುವುದು ಇದೇ 15 ಲಕ್ಷವನ್ನು. ನಿಮ್ಮ ಹತ್ತಿರ ಹೆಚ್ಚುವರಿ ಹಣ ಇಲ್ಲ ಅಕ್ಕಾ. ಕುವೈತ್‌ನಿಂದ ಬಂದವರು ಅಂದರೆ ಊರಲ್ಲಿ ಎಲ್ಲರೂ ಶ್ರೀಮಂತರು ಅಂದುಕೊಳ್ಳುತ್ತಾರೆ, ನಾವೂ ಹಾಗೇ ಅಂದುಕೊಂಡುಬಿಡುತ್ತೇವೆ.

ಹಾಗಾದರೆ ವರ್ಷಕ್ಕೆ ಸುಮಾರು 35 ಸಾವಿರ, ಇದೇ ನಿಮ್ಮ ಕೊಡುವ ಹಣ. ಇದರಿಂದ ಏನಾಗುತ್ತದೆ ಅಂದಿರಿ. ಮಲೇರಿಯಾದಿಂದ ವರ್ಷಕ್ಕೆ ಸುಮಾರು 6 ಲಕ್ಷ ಜನ ಸಾಯುತ್ತಾರೆ, ಸುಮಾರು ಶೇ. 95 ಆಫ್ರಿಕಾದಲ್ಲಿ, ಅಲ್ಲಿ ಸಾಯುವವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಔಷಧ ಹಚ್ಚಿದ ಒಂದು ಸೊಳ್ಳೆಪರದೆಗೆ ಕೆಲವೇ ಡಾಲರ್. ನಾನು ನೋಡಿದ ಸಹಾಯದ ಕೆಲಸಗಳಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಗಟ್ಟಿಯಾಗಿ ಪರೀಕ್ಷೆಯಾದದ್ದು ಕಡಿಮೆ. ಮಂಗಳೂರಿನಲ್ಲಿ ಮಳೆಗಾಲ ಕಳೆದ ನಮಗೆ ಮಲೇರಿಯಾ ಏನು ಅಂತ ಹೇಳಿಕೊಡಬೇಕಿಲ್ಲ. ಇಂಥದಕ್ಕೆ ಕೊಡುವಾಗ ಬಡ್ಡಿಯ ಮಾತೇ ಬರುವುದಿಲ್ಲ. ಪರದೆ ಹೊದ್ದು ಮಲಗಿದ ಮಗು ನಿಮಗೆ ಏನನ್ನೂ ವಾಪಸ್ ಕೊಡಬೇಕಾಗಿಲ್ಲ.

ಹೊರದೇಶಕ್ಕೆ ಬ್ಯಾಂಕ್ ಮೂಲಕ ದಾನ ಕಳಿಸಲು ಕಾನೂನಿನಲ್ಲಿ ದಾರಿ ಇದೆ, ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿಯೊಳಗೆ. ತೆರಿಗೆ ರಿಯಾಯಿತಿ ಇಲ್ಲ. ಇಲ್ಲಿಯೇ ಕೊಟ್ಟರೆ ದಾನಕ್ಕಿರುವ ತೆರಿಗೆ ರಿಯಾಯಿತಿ (80ಜಿ ಅಂತ ಹೆಸರಾದದ್ದು) ಸಿಗಬಹುದು, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ, 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಡದಿದ್ದರೆ ಮಾತ್ರ. ಒಂದೇ ಧರ್ಮದವರಿಗಾಗಿ ಇರುವ ಟ್ರಸ್ಟ್‌ಗೆ ಅದು ಸಿಗುವುದಿಲ್ಲ, ಹಾಗಾಗಿ ಸಭೆಯ ಕಾಣಿಕೆ ಕವರ್‌ಗೆ ರಸೀದಿ ಕೇಳಿ ಖಜಾಂಚಿಯನ್ನು ಗಲಿಬಿಲಿ ಮಾಡಬೇಡಿ. ಎಲ್ಲರಿಗೂ ತೆರೆದ ಆಸ್ಪತ್ರೆ, ಶಾಲೆಗೆ ಸಿಗಬಹುದು. ನಿಮ್ಮ ಉಡುಪಿಯಲ್ಲೇ 1923ರಲ್ಲಿ ಡಾ. ಈವಾ ಲೊಂಬಾರ್ಡ್ ಶುರುಮಾಡಿದ ಮಿಷನ್ ಆಸ್ಪತ್ರೆ ಇದೆಯಲ್ಲ. ಅಂಥ ಕಡೆ ಕೊಡುವುದಾದರೆ ಒಂದು ಅನುಕೂಲ, ನೀವೇ ಹೋಗಿ ವಾರ್ಡ್ ನೋಡಬಹುದು. ನರ್ಸ್ ಕಣ್ಣಿಗೆ ಆಸ್ಪತ್ರೆ ಏನನ್ನೂ ಮುಚ್ಚಿಡಲಾಗದು.

ಇನ್ನೊಂದು ಹೊಸ ದಾರಿ ಸಾಮಾಜಿಕ ಷೇರುಪೇಟೆ, ಅಂದರೆ ಸೇವಾ ಸಂಸ್ಥೆಗಳು ಹಣ ಎತ್ತುವ ಕಟ್ಟೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಪ್ರತಿಷ್ಠಾನ. ಅಲ್ಲಿಯ ಬಾಂಡಿಗೆ ಬಡ್ಡಿ ಸೊನ್ನೆ, ಅಸಲೂ ಸೊನ್ನೆ. ಅಂದರೆ ದಾನವೇ. ಆದರೆ ಎಲ್ಲಿ ಖರ್ಚಾಯಿತು ಅಂತ ಸೆಬಿ ನಿಯಮದಂತೆ ವರದಿ ಕೊಡಬೇಕು. ಹೆಸರು ಬಾಂಡ್ ಆದರೂ ಏನೂ ವಾಪಸ್ ಬರುವುದಿಲ್ಲ ಅಂತ ಮುಖಕ್ಕೆ ಹೇಳುತ್ತಾರಲ್ಲ, ಅದಕ್ಕೇ ನನಗೆ ಇದು ಇಷ್ಟ.

ಮಗಳ ಬಗ್ಗೆ ಒಂದು ಎಚ್ಚರ. ಅವಳಿಗೆ ಕೆನಡಾ ಪೌರತ್ವ ಇರುವುದರಿಂದ ಅವಳು ನೇರವಾಗಿ ಸಭೆಗೋ ಟ್ರಸ್ಟ್‌ಗೋ ಕಳಿಸುವ ಹಣ ವಿದೇಶಿ ದೇಣಿಗೆ ಆಗುತ್ತದೆ. ಪಡೆಯುವವರಿಗೆ ವಿದೇಶಿ ದೇಣಿಗೆ ಕಾನೂನಿನ (ಎಫ್‌ಸಿಆರ್‌ಎ) ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಕುವೈತ್‌ನಿಂದ ಕಳಿಸುತ್ತಿದ್ದ ಹಣಕ್ಕೆ ಈ ತಾಪತ್ರಯ ಇರಲಿಲ್ಲ. ಸಭೆಯ ಕಟ್ಟಡ ಸಮಿತಿಯವರಿಗೆ ಗೊತ್ತಿಲ್ಲದೆ ಇಂಥ ಹಣ ಪಡೆದು ಪಾಡು ಪಟ್ಟವರಿದ್ದಾರೆ.

ದೊಡ್ಡ ಮೊತ್ತ ಕೊಡಬೇಕು ಅನ್ನುವ ಆಸೆ ಇದ್ದೇ ಇದ್ದರೆ ಉಯಿಲು ಬರೆಯಿರಿ. ನೀವು ಇರುವವರೆಗೆ ಹಣ ನಿಮ್ಮದೇ, ಉಳಿದದ್ದರಲ್ಲಿ ಇಷ್ಟು ಪಾಲು ಇಂಥ ಕೆಲಸಕ್ಕೆ ಅಂತ. ಇದಕ್ಕೂ ಒಂದು ಕಾಲದಲ್ಲಿ ಅಡ್ಡಿ ಇತ್ತು. ಹತ್ತಿರದ ಸಂಬಂಧಿಕರಿರುವ ಕ್ರೈಸ್ತರು ದಾನಧರ್ಮಕ್ಕೆ ಉಯಿಲು ಬರೆದರೆ, ಬರೆದು 12 ತಿಂಗಳು ಬದುಕಿರಬೇಕು, ಆರು ತಿಂಗಳೊಳಗೆ ಅದನ್ನು ಸರ್ಕಾರಿ ಕಚೇರಿಯಲ್ಲಿ ಇಟ್ಟಿರಬೇಕು ಅಂತ ಉತ್ತರಾಧಿಕಾರ ಕಾನೂನಿನ 118ನೇ ಸೆಕ್ಷನ್ ಹೇಳುತ್ತಿತ್ತು. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಇದನ್ನು ಪ್ರಶ್ನಿಸಿದರು, 2003ರಲ್ಲಿ ಸುಪ್ರೀಂ ಕೋರ್ಟ್ ಆ ಸೆಕ್ಷನ್ ರದ್ದು ಮಾಡಿತು. ಈಗ ಇಬ್ಬರು ಸಾಕ್ಷಿಗಳ ಸಹಿ ಸಾಕು. ನೋಂದಣಿ ಮಾಡಿಸಿದರೆ ಇನ್ನೂ ಒಳ್ಳೆಯದು. ಮಗಳಿಗೆ ಮೊದಲೇ ಹೇಳಿ, ಆಮೇಲೆ ಅವಳಿಗೆ ಆಶ್ಚರ್ಯ ಆಗಬಾರದು.

ಕೂಟದ ಸಹೋದರರಿಗೆ ಏನು ಹೇಳುವುದು ಅಂತ ನೀವು ಕೇಳಿಲ್ಲ, ಆದರೆ ನಿಜವಾದ ಕಷ್ಟ ಅಲ್ಲೇ ಇದೆ. ಆದಿತ್ಯವಾರ ಮುಖ ನೋಡಬೇಕಲ್ಲ. ಜಗಳ ಬೇಡ. ಅವರೂ ನಂಬಿ ಹಣ ಹಾಕಿರಬಹುದು, ಅವರೇ ಮೊದಲ ಬಲಿಪಶು ಇರಬಹುದು. ನಮ್ಮ ಲೆಕ್ಕ ನೋಡುವವರು ಸೆಬಿ ಇಲ್ಲವೇ ರಿಸರ್ವ್ ಬ್ಯಾಂಕ್ ನೋಂದಣಿ ಸಂಖ್ಯೆ, ಮೂರು ವರ್ಷದ ಆಡಿಟ್ ವರದಿ, ಆ ಖಾತೆ ಯಾಕೆ ವ್ಯಕ್ತಿಯ ಹೆಸರಲ್ಲಿದೆ ಅನ್ನುವುದು, ಇಷ್ಟು ಬರವಣಿಗೆಯಲ್ಲಿ ಕೇಳಿದ್ದಾರೆ ಅನ್ನಿ. ಬೈಗುಳ ನನಗೆ ಬರಲಿ. ಕಾಗದ ಬಂದರೆ ನನಗೆ ಕಳಿಸಿ, ನೋಡುತ್ತೇನೆ. ಅನುಮತಿ ಇಲ್ಲದೆ ಠೇವಣಿ ಎತ್ತುವುದು 2019ರ ಕಾನೂನಿನ ಪ್ರಕಾರ ಅಪರಾಧ, ರಿಸರ್ವ್ ಬ್ಯಾಂಕಿನ ಸಚೇತ್ ಜಾಲತಾಣದಲ್ಲಿ ದೂರು ಕೊಡಬಹುದು. ಕೂಟದಲ್ಲಿ ಇನ್ನೂ ಯಾರ್ಯಾರು ಹಾಕಿದ್ದಾರೆ ಅಂತ ಮೆಲ್ಲಗೆ ವಿಚಾರಿಸಿ. ಮುಖ್ಯವಾಗಿ ವಿಧವೆಯರು, ಗಲ್ಫ್‌ನಿಂದ ಬಂದವರು.